ಉಳ್ಳಾಗಡ್ಡಿ, ಈರುಳ್ಳಿ ಮತ್ತು ಸಿ ಭಾಷೆ

ನಮ್ಮ ಧಾರವಾಡದ ಕಡೆಯವರ ಉಳ್ಳಾಗಡ್ಡಿ ಮೈಸೂರಿನವರಿಗೆ ಈರುಳ್ಳಿ. ಮನೆಯಲ್ಲಿ ಹೇಗಾದರೂ ಕರೆಯಿರಿ, ಶಾಲೆಯ ಪುಸ್ತಕಕ್ಕೆ ಮಾತ್ರ ಒಂದೇ ಹೆಸರು ಬೇಕು. ಆಗ ಯಾರ ಮನೆಯ ಮಾತು ಒಳಗೆ, ಯಾರದು ಹೊರಗೆ ಎಂಬ ಜಗಳ ಹುಟ್ಟುತ್ತದೆ. ಕಂಪ್ಯೂಟರಿನ ‘ಸಿ’ ಭಾಷೆಯ ಚರಿತ್ರೆಯಲ್ಲೂ ಇದೇ ಜಗಳವಿದೆ. ಕಂಪ್ಯೂಟರ್ ಓದಿದ ಮಗಳು ಹೇಳಿದಾಗ ನನಗೆ ಮೊದಲು ನಗು ಬಂತು. ಪೂರ್ತಿ ಕೇಳಿದ ಮೇಲೆ ನಗುವ ವಿಷಯವಲ್ಲ ಅನ್ನಿಸಿತು.

ಅಮೆರಿಕದ ನ್ಯೂಜರ್ಸಿಯ ಬೆಲ್ ಪ್ರಯೋಗಾಲಯದಲ್ಲಿ 1972ರ ಸುಮಾರಿಗೆ ಡೆನಿಸ್ ರಿಚಿ ಈ ಭಾಷೆಯನ್ನು ರೂಪಿಸಿದರು. ಭಾಷೆ ಬಹಳ ಚಿಕ್ಕದು. ತೆರೆಯ ಮೇಲೆ ಒಂದಕ್ಷರ ಮೂಡಿಸುವುದಕ್ಕೂ ಅದಕ್ಕೆ ಲೈಬ್ರರಿಯ ನೆರವು ಬೇಕು. ಲೈಬ್ರರಿ ಎಂದರೆ ಪುಸ್ತಕದ ಕಪಾಟಲ್ಲ, ಮೊದಲೇ ಬರೆದಿಟ್ಟ ಸಣ್ಣ ಸಣ್ಣ ಕಾರ್ಯಗಳ ಭಂಡಾರ. ದಿನವೂ ಹುರಿದು ಕುಟ್ಟುವ ಬದಲು ಡಬ್ಬಿಯಲ್ಲಿಟ್ಟ ಸಾರಿನ ಪುಡಿ ಇದ್ದಂತೆ.

ಬೆಲ್‌ನವರ ಯುನಿಕ್ಸ್ ವ್ಯವಸ್ಥೆ ಬೇರೆ ಬೇರೆ ಕಡೆ ಹೋದಂತೆ ಒಬ್ಬೊಬ್ಬರು ಒಂದೊಂದು ಪುಡಿ ಮಾಡಿಕೊಂಡರು. ಪದದೊಳಗೆ ಒಂದಕ್ಷರ ಎಲ್ಲಿದೆಯೆಂದು ಹುಡುಕುವ ಕಾರ್ಯಕ್ಕೆ ಮೊದಲು ‘ಇಂಡೆಕ್ಸ್’ ಎಂಬ ಹೆಸರಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಅದನ್ನೇ ಉಳಿಸಿಕೊಂಡರು. ಬೆಲ್‌ನ ಒಡೆಯರಾದ ಎಟಿ ಅಂಡ್ ಟಿಯವರು ‘ಸ್ಟ್ರ್‌ಚರ್’ ಎಂದು ಬದಲಿಸಿದರು. ಕೆಲಸ ಒಂದೇ. ಆದರೂ ಅಲ್ಲಿ ಬರೆದದ್ದು ಇಲ್ಲಿ ನಡೆಯದು, ಇಲ್ಲಿಯದು ಅಲ್ಲಿ ನಡೆಯದು.

ಇದನ್ನು ಸರಿಪಡಿಸಲು 1983ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಒಂದು ಸಮಿತಿ ಮಾಡಿತು. 1989ರಲ್ಲಿ ಮಾನಕ ಒಪ್ಪಿಗೆಯಾಯಿತು, ಮರುವರ್ಷ ಅದು ಅಂತರರಾಷ್ಟ್ರೀಯವೂ ಆಯಿತು. ‘ಸ್ಟ್ರ್‌ಚರ್’ ಗೆದ್ದಿತು. ಹಾಗೆಂದು ಮನೆಮಾತನ್ನು ಯಾರೂ ಬಿಡಲಿಲ್ಲ. ಮಾನಕವನ್ನು ಪಾಲಿಸಿದ ಪ್ರೋಗ್ರಾಮ್ ಕೆಡದಿದ್ದರೆ ನಿಮ್ಮ ಹೆಚ್ಚುವರಿ ಕಾರ್ಯಗಳು ಇರಲಿ ಎಂದು ಮಾನಕವೇ ಅನುಮತಿ ಕೊಟ್ಟಿತ್ತು. ಲಿನಕ್ಸ್ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಗ್ನೂ ಲೈಬ್ರರಿಯಲ್ಲಂತೂ ಇಂಥ ಕೆಲವು ಕಾರ್ಯಗಳು ಬೇಕಿದ್ದರೆ, ಪ್ರೋಗ್ರಾಮಿನ ತಲೆಯಲ್ಲೇ ಹಾಗೆಂದು ಒಂದು ಸಾಲು ಬರೆದು ಹೇಳಬೇಕು. ಮರ್ಯಾದೆಯ ಏರ್ಪಾಡು ಎಂದು ನನಗೆ ಮೆಚ್ಚಿಗೆಯಾಯಿತು.

ಹೆಸರಿನ ಜಗಳವಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪರೀಕ್ಷೆಯ ಅರ್ಜಿ ತುಂಬಿಸಿದವರಿಗೆ ಗೊತ್ತು, ಹೆಸರಿಗೆ ಇಷ್ಟೇ ಚೌಕ ಎಂದಿರುತ್ತದೆ. ಉದ್ದ ಹೆಸರಿನ ಹುಡುಗಿ ಬರೆಯುತ್ತಾ ಹೋದರೆ ತಂದೆಯ ಹೆಸರಿನ ಚೌಕಕ್ಕೆ ನುಗ್ಗುತ್ತಾಳೆ. ಸಿ ಭಾಷೆಯ ಹಳೆಯ ಕಾರ್ಯಗಳು ಚೌಕ ಎಣಿಸುತ್ತಲೇ ಇರಲಿಲ್ಲ. ‘ಗೆಟ್ಸ್’ ಅಂಥದೊಂದು: ಹೊರಗಿನಿಂದ ಒಂದು ಸಾಲು ಓದಿ ತುಂಬುತ್ತಾ ಹೋಗುವುದು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಕಾರ್ನೆಲ್ ವಿದ್ಯಾರ್ಥಿ ಬಿಟ್ಟ ಪ್ರೋಗ್ರಾಮ್ ಈ ದೋಷವನ್ನೂ ಒಂದು ಕಿಂಡಿ ಮಾಡಿಕೊಂಡು ಯಂತ್ರದಿಂದ ಯಂತ್ರಕ್ಕೆ ಹರಡಿತು. ಸಿಕ್ಕಿಬಿದ್ದವು ಸುಮಾರು 6,000 ಯಂತ್ರಗಳೆಂದು ಅಂದಾಜು. ಇಷ್ಟಾದರೂ ಮರುವರ್ಷದ ಮಾನಕದಲ್ಲಿ ‘ಗೆಟ್ಸ್’ ಗೌರವದಿಂದಲೇ ಕೂತಿತ್ತು! ಅದನ್ನು ತೆಗೆದುಹಾಕಿದ್ದು 2011ರಲ್ಲಿ.

ಚೌಕ ಎಣಿಸುವ ‘ಸ್ಟ್ರ್‌ಎನ್‌ಕಾಪಿ’ ಎಂಬುದೂ ಮಾನಕದಲ್ಲಿತ್ತು. ಅದು ಹಳೆಯ ಯುನಿಕ್ಸ್‌ನಲ್ಲಿ ಕಡತದ ಹೆಸರಿಗಿದ್ದ 14 ಚೌಕಗಳಂಥ ಜಾಗಕ್ಕೆ ಹೊಂದುವ ಕಾರ್ಯ. ಸಿ ಭಾಷೆಯಲ್ಲಿ ಪದ ಮುಗಿಯಿತೆಂದು ತೋರಿಸಲು ಕೊನೆಗೊಂದು ಸೊನ್ನೆ ಬೇಕು. ಚೌಕಗಳೆಲ್ಲ ಅಕ್ಷರಗಳಿಂದಲೇ ತುಂಬಿದರೆ ಇದು ಸೊನ್ನೆ ಇಡುವುದೇ ಇಲ್ಲ. ಓದುವ ಪ್ರೋಗ್ರಾಮ್ ಪಕ್ಕದ ಚೌಕಗಳನ್ನೂ ಹೆಸರೆಂದೇ ಓದಿಬಿಡುತ್ತದೆ.

1998ರಲ್ಲಿ ಓಪನ್‌ಬಿಎಸ್‌ಡಿ ಎಂಬ ವ್ಯವಸ್ಥೆಯ ಟಾಡ್ ಮಿಲ್ಲರ್ ಮತ್ತು ಥಿಯೋ ಡಿ ರಾಟ್ ‘ಸ್ಟ್ರ್‌ಎಲ್‌ಕಾಪಿ’ ಬರೆದರು. ಇದು ಕೊನೆಯ ಚೌಕವನ್ನು ಸೊನ್ನೆಗೆ ಮೀಸಲಿಡುತ್ತದೆ. ಮೂಲ ಹೆಸರು ಎಷ್ಟು ಉದ್ದವಿತ್ತೆಂದೂ ಹೇಳುತ್ತದೆ. ಬಿಎಸ್‌ಡಿ ಮನೆತನದ ಇತರರು, ಸೋಲಾರಿಸ್, ಆಪಲ್ ಎಲ್ಲರೂ ಇದನ್ನು ಒಪ್ಪಿದರು. ಗ್ನೂ ಲೈಬ್ರರಿ ಮಾತ್ರ ಒಲ್ಲೆನೆಂದಿತು. ಆಗ ಅದನ್ನು ನೋಡಿಕೊಳ್ಳುತ್ತಿದ್ದ ಉಲ್ರಿಕ್ ಡ್ರೆಪ್ಪರ್ ಅವರ ಪ್ರಕಾರ ಅದು ದಕ್ಷವಲ್ಲದ ಕಾರ್ಯ, ಜೊತೆಗೆ ಹೆಸರನ್ನು ಸದ್ದಿಲ್ಲದೆ ಕತ್ತರಿಸುವುದೂ ಒಂದು ದೋಷ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ‘ಸರಸ್ವತಿಬಾಯಿ’ ಅರ್ಧಕ್ಕೆ ನಿಂತು, ಬರೆದವರು ಉದ್ದ ನೋಡದೆ ಹೋದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಕತ್ತರಿಸಿದ ಹೆಸರಿಗಿಂತ ಪಕ್ಕದವರ ಚೌಕಕ್ಕೆ ನುಗ್ಗಿದ ಹೆಸರು ದೊಡ್ಡ ಅಪಾಯವಲ್ಲವೇ? ಬಾಗಿಲು ಮುಚ್ಚಿದ್ದರಿಂದ ಆ ಕಾರ್ಯವೇನೂ ಮರೆಯಾಗಲಿಲ್ಲ. ಓಪನ್‌ಎಸ್‌ಎಸ್‌ಎಚ್‌ನಂಥ ಪ್ರೋಗ್ರಾಮ್‌ಗಳು ಇತರ ವ್ಯವಸ್ಥೆಗಳಿಗೆ ಹೋಗುವಾಗ ಅದರ ಪ್ರತಿಯನ್ನು ಬುತ್ತಿಯಂತೆ ಜೊತೆಗೇ ಕಟ್ಟಿಕೊಂಡು ಹೋದವು.

ಕೊನೆಗೆ 2023ರಲ್ಲಿ ಗ್ನೂ ಲೈಬ್ರರಿ ಅದನ್ನು ಒಳಗೆ ಕರೆದುಕೊಂಡಿತು. ಅಷ್ಟರಲ್ಲಿ 25 ವರ್ಷ ಕಳೆದಿತ್ತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪೋಸಿಕ್ಸ್ 2024ರಲ್ಲಿ ಸ್ವೀಕರಿಸಿತು. ಅದೇ ವರ್ಷ ಪ್ರಕಟವಾದ ಸಿ ಭಾಷೆಯ ಮಾನಕದಲ್ಲಿ ಇನ್ನೊಂದು ಮನೆಮಾತು, ಪದದ ನಕಲು ಮಾಡಿಕೊಡುವ ‘ಸ್ಟ್ರ್‌ಡಪ್’, ಒಳಗೆ ಬಂತು. ‘ಸ್ಟ್ರ್‌ಎಲ್‌ಕಾಪಿ’ಗೆ ಅಲ್ಲಿ ಜಾಗ ಸಿಗಲಿಲ್ಲ.