ಸೆಪ್ಟೆಂಬರ್ 17 ಮತ್ತು ಗಡಿಯ ಮೂರು ತಾಲೂಕುಗಳು

1947ರ ಆಗಸ್ಟ್ 15ರಂದು ಸೋಲಾಪುರ, ವಿಜಾಪುರ ಜಿಲ್ಲೆಗಳಲ್ಲಿ ತ್ರಿವರ್ಣ ಧ್ವಜ ಏರಿದಾಗ, ಅವುಗಳಿಗೆ ಹೊಂದಿಕೊಂಡ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹೈದರಾಬಾದ್ ಸಂಸ್ಥಾನದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯೇ ಮುಂದುವರಿಯಿತು. ಸ್ವತಂತ್ರ ದೇಶ ಕಣ್ಣೆದುರೇ ಇದ್ದೂ ತಮ್ಮದಾಗದೆ ಇಲ್ಲಿನ ಜನ ಹದಿಮೂರು ತಿಂಗಳು ಕಳೆದರು. ನಿಜಾಮರ ಪರವಾಗಿ ನಿಂತ ಖಾಸಿಂ ರಜ್ವಿಯ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಬೆದರಿದವರು ಗಡಿ ದಾಟಿದರು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟಗಾರರು ಆಚೆ ಶಿಬಿರ ಹೂಡಿ ಈಚೆ ಹೋರಾಡಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೋಲಾಪುರದಿಂದ ಹೊರಟು, ಆಳಂದದ ವಾಯವ್ಯಕ್ಕಿರುವ ನಳದುರ್ಗದ ದಾರಿಯಲ್ಲಿ ಒಳನುಗ್ಗಿತು. 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಮರುದಿನ ಅವರ ಸೇನಾಪತಿ ಎಲ್ ಎಡ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ಶರಣಾದರು.

ಅಂದು ಯುದ್ಧ ಮುಗಿಯಿತು ನಿಜ, ಆದರೆ ಬಿಡುಗಡೆ ಅಂದೇ ಮುಗಿಯಲಿಲ್ಲ. ಆಳಂದ, ನಿಜಾಮರ ಆಪ್ತ ಸರದಾರರಾದ ಪಾಯಗಾ ಮನೆತನದ ಜಾಗೀರಿಗೆ ಸೇರಿದ್ದ ಸೀಮೆ. ಅಂಥಲ್ಲಿ ಒಕ್ಕಲಿನವನ ಪಾಲಿಗೆ ಸರಕಾರವೆಂದರೆ ಜಾಗೀರದಾರನೇ. ಆ ವ್ಯವಸ್ಥೆಯನ್ನು ಕೊನೆಗಾಣಿಸಿದ ಕಾನೂನು ಬಂದದ್ದು 1949ರ ಆಗಸ್ಟ್‌ನಲ್ಲಿ. ಗೇಣಿದಾರನಿಗೆ ರಕ್ಷಣೆ ಕೊಟ್ಟ ಕಾಯಿದೆ 1950ರದು. ಮತ ಹಾಕುವ ಹಕ್ಕು ಕೈಗೆ ಬಂದದ್ದು ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಕನ್ನಡದ ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ಸೇನೆ ಬಾರದಿದ್ದರೆ ಇವೊಂದೂ ಆಗುತ್ತಿರಲಿಲ್ಲ ಎಂದು ಯಾರಾದರೂ ವಾದಿಸಿದರೆ ಒಪ್ಪಲೇಬೇಕು. ಆದರೆ ಬಾಗಿಲು ತೆರೆದ ದಿನವನ್ನಷ್ಟೇ ಹಬ್ಬವಾಗಿಸಿ, ಒಳಗೆ ಹೆಜ್ಜೆಯಿಟ್ಟ ದಿನಗಳನ್ನು ಮರೆತರೆ ಇತಿಹಾಸದಲ್ಲಿ ಸೇನೆ ಮತ್ತು ಅರಸ ಮಾತ್ರ ಉಳಿಯುತ್ತಾರೆ, ರೈತ ಉಳಿಯುವುದಿಲ್ಲ.

ಇನ್ನೂ ಕಠಿಣವಾದ ಮಾತೊಂದಿದೆ. ಸೇನಾ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಅರಿಯಲು ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಈ ತಾಲೂಕುಗಳಿರುವ ಗುಲ್ಬರ್ಗವನ್ನೂ (ಇಂದಿನ ಕಲಬುರಗಿ) ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಇದನ್ನು ಎತ್ತಿದರೆ ಹೋರಾಟಗಾರರಿಗೆ ಅವಮಾನ ಎನ್ನುವವರಿದ್ದಾರೆ. ರಜಾಕಾರರು ನಿರಪರಾಧಿಗಳನ್ನು ಕೊಂದರೆಂದೇ ಅಲ್ಲವೇ ಆ ಹೋರಾಟ ನ್ಯಾಯದ್ದಾಗಿತ್ತು? ಅದೇ ಅಳತೆಗೋಲನ್ನು ಸೆಪ್ಟೆಂಬರ್ 17ರ ನಂತರದ ದಿನಗಳಿಗೂ ಹಿಡಿಯಬೇಕು.

ಬಿಡುಗಡೆಯ ಲೆಕ್ಕ 1956ಕ್ಕೂ ಮುಗಿಯಲಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಜಾರಿಗೆ ಬಂದದ್ದು 2013ರಲ್ಲಿ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಈ ಭಾಗದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಏರಿಸುವಾಗ ಆಡುವ ಭಾಷಣದಲ್ಲಿ 1948ರ ಜೊತೆ ಈ ವರ್ಷಗಳ ಲೆಕ್ಕವನ್ನೂ ಜನರ ಮುಂದಿಡಬೇಕು.