ಶಬೋನೊ

ಬ್ರೆಜಿಲ್–ವೆನೆಜುವೆಲಾ ಗಡಿಭಾಗದ ಅಮೆಜಾನ್ ಮಳೆಕಾಡಿನಲ್ಲಿರುವ ಯಾನೊಮಾಮಿ ಜನರ ಸಾಮೂಹಿಕ ವಸತಿ. ದುಂಡಗೆ ಅಥವಾ ಅಂಡಾಕಾರದಲ್ಲಿ ಕಟ್ಟಿದ ಒಂದೇ ಸೂರಿನಡಿ ಸಾಮಾನ್ಯವಾಗಿ ಇಡೀ ಊರು ಬಾಳುತ್ತದೆ. ನಡುವಿನ ಅಂಗಳ ಆಕಾಶಕ್ಕೆ ತೆರೆದಿರುತ್ತದೆ. ಹಬ್ಬ, ಕುಣಿತ, ಮಕ್ಕಳ ಆಟ ಎಲ್ಲವೂ ಅಲ್ಲೇ. ಒಳಗೆ ಗೋಡೆಗಳಿಲ್ಲ. ಪ್ರತಿ ಕುಟುಂಬಕ್ಕೂ ಒಂದು ಒಲೆ, ಅದರ ಸುತ್ತ ತೂಗುಹಾಸಿಗೆಗಳು. ಮನೆಯ ಎಲ್ಲೆ ಎಂದರೆ ಅಷ್ಟೇ.

ಕಂಬ, ತೊಲೆಗಳನ್ನು ಕಾಡುಬಳ್ಳಿಯಿಂದ ಬಿಗಿದು, ಇಳಿಜಾರು ಮಾಡಿಗೆ ತಾಳೆಜಾತಿಯ ಗರಿ ಹೊದಿಸುತ್ತಾರೆ. ಮಾಡಿನ ಹೊರ ಅಂಚು ನೆಲದತ್ತ ಬಾಗಿ ಮಳೆನೀರನ್ನು ಆಚೆ ಇಳಿಸುತ್ತದೆ. ಎತ್ತರದ ಒಳ ಅಂಚಿನಿಂದ ಗಾಳಿ ಬೆಳಕು ಬರುತ್ತವೆ. ಒಲೆಯ ಹೊಗೆ ಹುಳುಹುಪ್ಪಟೆಗಳನ್ನು ದೂರವಿಡುತ್ತದೆ. ಆದರೂ ಕೆಲವೇ ವರ್ಷಗಳಲ್ಲಿ ಗರಿ ಕೊಳೆತು ಸೋರತೊಡಗುತ್ತದೆ, ಜಿರಲೆಗಳು ತುಂಬಿಕೊಳ್ಳುತ್ತವೆ. ಆಗ ಹಳೆಯದನ್ನು ಸುಟ್ಟೋ ತೊರೆದೋ ಹೊಸದನ್ನು ಕಟ್ಟುವುದು ರೂಢಿ. ಈ ಅಲ್ಪಾಯುಷ್ಯವನ್ನು ಕೊರತೆ ಎನ್ನಲಾಗದು: ಕಟ್ಟಡದ ಪ್ರತಿ ತುಂಡೂ ಮಣ್ಣಿಗೆ ಸೇರುತ್ತದೆ, ಬಿಟ್ಟುಹೋದ ತೋಟಗಳನ್ನು ಕಾಡು ಮತ್ತೆ ಆವರಿಸುತ್ತದೆ.

ಹೀಗೆ ನೆಲೆ ಬದಲಿಸಲು ವಿಶಾಲವಾದ ಕಾಡು ಬೇಕು. ಬ್ರೆಜಿಲ್ 1992ರಲ್ಲಿ ಸುಮಾರು 96,000 ಚದರ ಕಿ.ಮೀ. ಪ್ರದೇಶವನ್ನು ಯಾನೊಮಾಮಿ ನೆಲವೆಂದು ಅಧಿಕೃತವಾಗಿ ಮಾನ್ಯ ಮಾಡಿತು. ಅಕ್ರಮ ಚಿನ್ನದ ಗಣಿಗಾರಿಕೆ ಅಲ್ಲಿಗೂ ನುಗ್ಗಿ ನದಿಗಳಿಗೆ ಪಾದರಸ ಬೆರೆಸಿದೆ.