ಜೂಜಿಗೊಂದು ಎಲ್ಲೆ: ಮಿತಾಕ್ಷರದಿಂದ ಮೊಬೈಲಿನವರೆಗೆ

ವಿಜಯವಾಡಕ್ಕೆ ಸಮೀಪದ ಕೊಂಡಪಲ್ಲಿಯನ್ನು ಹೊರನಾಡ ಕನ್ನಡಿಗರಾದ ನಾವು ಎರಡು ಕಾರಣಗಳಿಗಾಗಿ ನೆನೆಯುತ್ತೇವೆ: ಹಗುರ ಮರದಲ್ಲಿ ಕಡೆದ ಬೊಂಬೆಗಳು ಮತ್ತು ಕೃಷ್ಣದೇವರಾಯನು ಗಜಪತಿಗಳಿಂದ ಗೆದ್ದ ಗಿರಿದುರ್ಗ. ಈ ಸೀಮೆಗೆ ಮೂರನೆಯ ಹೆಸರೊಂದೂ ಇದೆ. ಸಂಕ್ರಾಂತಿ ಬಂತೆಂದರೆ ಕೃಷ್ಣಾ, ಗೋದಾವರಿ ತೀರದ ಹಳ್ಳಿಗಳಲ್ಲಿ ಕೋಳಿಪಂದ್ಯಗಳು ನಡೆಯುತ್ತವೆ. ತುಳುನಾಡಿನ ಕೋಳಿ ಅಂಕವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಆಂಧ್ರದ 1974ರ ಜೂಜು ಕಾಯ್ದೆಯೂ ಇದನ್ನು ಅಪರಾಧವೆಂದು ಸಾರಿವೆ. ಪಂದ್ಯ ಮಾತ್ರ ನಿಂತಿಲ್ಲ.

ಪಂದ್ಯವು ಎಲ್ಲೆ ಮೀರಿದರೆ ಏನಾಗುತ್ತದೆಂಬುದನ್ನು ಈ ನೆಲ ಬಲ್ಲದು. ಕೃಷ್ಣೆಯ ಆಚೆಯ ಪಲ್ನಾಡಿನಲ್ಲಿ 12ನೆಯ ಶತಮಾನದಲ್ಲಿ ಬ್ರಹ್ಮನಾಯುಡು ಮತ್ತು ನಾಗಮ್ಮನ ಪಕ್ಷಗಳು ಕೋಳಿಕಾಳಗಕ್ಕೆ ರಾಜ್ಯವನ್ನೇ ಪಣವಾಗಿ ಒಡ್ಡಿದವು ಎಂದು ವೀರಗಾಥೆ ಹೇಳುತ್ತದೆ. ಸೋತವರಿಗೆ ಏಳು ವರ್ಷಗಳ ವನವಾಸ. ಅದರ ಕೊನೆಗೆ ಕಾರೆಂಪೂಡಿಯ ರಣರಂಗ. ಕಥೆಯ ಹಿಂದೆ ಮಹಾಭಾರತದ ನೆರಳಿದೆ. ಆ ದ್ಯೂತಪ್ರಸಂಗವನ್ನು 941ರಲ್ಲಿ ಕನ್ನಡಕ್ಕೆ ತಂದ ಪಂಪನ ಪೂರ್ವಜರು ಇದೇ ವೆಂಗಿಮಂಡಲದವರೆಂಬುದು ನಮಗೆ ಹೆಮ್ಮೆಯ ಸಂಗತಿ.

ಹಾಗಾದರೆ ಪ್ರಾಚೀನರು ಜೂಜನ್ನು ಹೇಗೆ ಹತೋಟಿಯಲ್ಲಿಟ್ಟರು? ಮನು ಅದನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದ. ಕೌಟಿಲ್ಯನ ದಾರಿ ಬೇರೆ: ದ್ಯೂತಾಧ್ಯಕ್ಷನ ಕಣ್ಣೆದುರು ಒಂದೇ ಸ್ಥಳದಲ್ಲಿ ಆಡಬೇಕು, ಬೇರೆಡೆ ಆಡಿದವನಿಗೆ 12 ಪಣ ದಂಡ, ಗೆದ್ದ ಹಣದಲ್ಲಿ ನೂರಕ್ಕೆ 5 ಅಧ್ಯಕ್ಷನಿಗೆ. ಯಾಜ್ಞವಲ್ಕ್ಯ ಸ್ಮೃತಿಯೂ ಇದೇ ಜಾಡಿನದು. ಅದಕ್ಕೆ ವಿಜ್ಞಾನೇಶ್ವರನು 'ಮಿತಾಕ್ಷರ' ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ. ಅದೇ ದೊರೆಯ ದಂಡನಾಯಕ ಅನಂತಪಾಲ ವೆಂಗಿಯನ್ನೂ ಕೆಲಕಾಲ ಆಳಿದ.

ಆ ಸ್ಮೃತಿಯ ದ್ಯೂತಪ್ರಕರಣದಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದು, ಜೂಜುಕಟ್ಟೆಯನ್ನು ನಡೆಸುವ ಸಭಿಕನ ಪಾಲಿಗೆ ಮಿತಿಯಿತ್ತು: ನೂರಕ್ಕೆ 5 ಅಥವಾ 10. ಎರಡನೆಯದು, ಸಭಿಕನ ಸಮ್ಮುಖದಲ್ಲಿ ಬಹಿರಂಗವಾಗಿ ಆಡಿದ ಆಟದ ಗೆಲುವನ್ನಷ್ಟೇ ರಾಜ ಕೊಡಿಸುತ್ತಿದ್ದ; ಗುಟ್ಟಿನ ಆಟಕ್ಕೆ ಆ ರಕ್ಷಣೆಯಿಲ್ಲ. ಮೂರನೆಯದು, ಕಳ್ಳರನ್ನು ಗುರುತಿಸಲು ಆಟ ಒಬ್ಬನ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಪ್ರಾಣಿಗಳನ್ನು ಕಾದಾಡಿಸುವ 'ಸಮಾಹ್ವಯ'ಕ್ಕೂ ಇದೇ ವಿಧಿ. ಜೂಜು ಒಳ್ಳೆಯದೆಂದು ಇದರರ್ಥವಲ್ಲ. ತಪ್ಪಿಸಲಾಗದ ಚಟಕ್ಕೆ ಸ್ಥಳ, ಸಾಕ್ಷಿ, ಲಾಭದ ಮಿತಿ ಎಂಬ ಮೂರು ಬೇಲಿಗಳನ್ನು ಹಾಕಲಾಗಿತ್ತು.

ಆಧುನಿಕ ನ್ಯಾಯಾಲಯದ ಚಿಂತನೆಯೂ ಇದರಿಂದ ದೂರವಿಲ್ಲ. ಸಿಕಂದರಾಬಾದಿನ ಕ್ಲಬ್ಬೊಂದಕ್ಕೆ ಸಂಬಂಧಿಸಿದ ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಜೊತೆಗೆ, ಕ್ಲಬ್ಬು ಆಟದಿಂದಲೇ ಲಾಭ ಮಾಡಿಕೊಂಡರೆ ಅಪರಾಧವಾಗಬಹುದೆಂದೂ ಎಚ್ಚರಿಸಿತು. ಸಭಿಕನ ಪಾಲಿನ ಪ್ರಶ್ನೆಯೇ ಮರಳಿ ಬಂದಿತ್ತು.

ಮೊಬೈಲು ಈ ಮೂರೂ ಬೇಲಿಗಳನ್ನು ಕಿತ್ತಿತು. ಸ್ಥಳವಿಲ್ಲ, ಏಕೆಂದರೆ ಹಾಸಿಗೆಯೂ ಜೂಜುಕಟ್ಟೆ. ಸಾಕ್ಷಿಯಿಲ್ಲ, ಏಕೆಂದರೆ ಮನೆಯವರಿಗೂ ತಿಳಿಯದು. ಸಭಿಕನೋ ಕಣ್ಣಿಗೇ ಕಾಣನು. ಆಂಧ್ರವು 2020ರಲ್ಲಿ ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ವಿಧಿಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ–ಅದೃಷ್ಟಗಳ ಭೇದವನ್ನೇ ಬದಿಗಿಟ್ಟು ದೇಶಕ್ಕೆಲ್ಲ ಅನ್ವಯಿಸುವ ನಿಷೇಧವನ್ನು ಅಂಗೀಕರಿಸಿತು.

ಆದರೆ ಮನುವಿನ ನಿಷೇಧದಿಂದ ಜೂಜು ಅಳಿಯಲಿಲ್ಲ, 1974ರ ಕಾಯ್ದೆಯಿಂದ ಕೋಳಿಪಂದ್ಯವೂ ಅಳಿಯಲಿಲ್ಲ. ಆದ್ದರಿಂದ ಹಳೆಯ ಬೇಲಿಗಳನ್ನು ಮನೆಯೊಳಗೇ ಕಟ್ಟಿಕೊಳ್ಳುವುದು ವಿವೇಕ. ಹಬ್ಬದ ರಾತ್ರಿಯ ಇಸ್ಪೀಟೇ ಆಗಲಿ, ಕಳೆದರೂ ಸರಿ ಎನ್ನುವಷ್ಟೇ ಹಣ ಮೊದಲೇ ಗೊತ್ತಾಗಿರಲಿ; ಸಾಲದ ಹಣ ಪಣಕ್ಕೆ ಬಾರದಿರಲಿ; ಸೋತದ್ದನ್ನು ಮರಳಿ ಗೆಲ್ಲಲು ಮತ್ತೊಂದು ಆಟ ಬೇಡ; ಆಡಿದ್ದು ಮನೆಯವರಿಗೆ ತಿಳಿದಿರಲಿ. ಧರ್ಮರಾಯ ಕೆಟ್ಟದ್ದು ಆಡಿದ್ದಕ್ಕಿಂತ ಹೆಚ್ಚಾಗಿ ಎದ್ದು ಬರಲಾರದೆ ಹೋದದ್ದರಿಂದ. ಬಿಡುಗಡೆಗೊಂಡ ಮೇಲೂ ಆತ ಎರಡನೆಯ ಕರೆಗೆ ಓಗೊಟ್ಟು ಮತ್ತೆ ಹಾಸಿನ ಮುಂದೆ ಕುಳಿತ. ಎರಡನೆಯ ಕರೆ ಬಂದಾಗ ಏಳಲಾರದವನಿಗೆ ನಾವು ನಾಚಿಕೆಯನ್ನು ಹೊರಿಸದೆ ವೈದ್ಯರ, ಆಪ್ತರ ನೆರವನ್ನು ಒದಗಿಸಬೇಕು. ತುಂಬಿದ ಸಭೆಯಲ್ಲಿ ಅಂದು ಹಿರಿಯರಲ್ಲಿ ಹೆಚ್ಚಿನವರು ಸುಮ್ಮನಿದ್ದರೆಂಬುದನ್ನು ನಾವು ಮರೆಯಬಾರದು.